ಹಾಕದೇ ಬಿಟ್ಟ ಒಂದು ಸರಳಿನ ಕತೆ

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಗೆಳೆಯನ ಗ್ಯಾರೇಜಿನಲ್ಲಿ ನನ್ನ ಕಾರಿನ ಕೆಳಗೆ ಅಂಗಾತ ಮಲಗಿದ್ದೆ. ಏನು ಕೆಟ್ಟಿತ್ತು ಅಂತ ಕೇಳಬೇಡಿ, ಏನೂ ಕೆಟ್ಟಿರಲಿಲ್ಲ. ಕೆಡದೇ ಇದ್ದದ್ದನ್ನು ರಿಪೇರಿ ಮಾಡುವುದು ನಮ್ಮ ಸಾಫ್ಟ್‌ವೇರ್ ಮಂದಿಯ ಹುಟ್ಟುಗುಣ :) ಕಾರಿನ ಹಿಂದಿನ ಸ್ವೇ ಬಾರ್ ಬಿಚ್ಚಿ, ಅದರ ಜಾಗದಲ್ಲಿ ಇನ್ನೂ ದಪ್ಪದ್ದೊಂದನ್ನು ಹಾಕುವುದು ಅವತ್ತಿನ ಕಾರ್ಯಕ್ರಮ. ತಿರುವುಗಳಲ್ಲಿ ಕಾರು ಚುರುಕಾಗುತ್ತದೆ ಅಂತ ಗೆಳೆಯ ಆರು ತಿಂಗಳಿಂದ ತಲೆ ತಿನ್ನುತ್ತಿದ್ದ.

ಸ್ವೇ ಬಾರ್ ಅಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಕಾರು ಜೋರಾಗಿ ತಿರುಗಿದಾಗ ಅದರ ಮೈ ಹೊರಮಗ್ಗುಲಿಗೆ ವಾಲುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಕೆಂಪು ಬಸ್ಸಿನ ಕಿಟಕಿ ಪಕ್ಕ ಕೂತು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ವಾಲುವಿಕೆಯನ್ನು ತಡೆಯಲು ಎಡಚಕ್ರಕ್ಕೂ ಬಲಚಕ್ರಕ್ಕೂ ನಡುವೆ, ಕಾರಿನ ಅಡ್ಡಕ್ಕೆ, ಎರಡು ತುದಿ ಬಾಗಿಸಿದ ಒಂದು ಸ್ಪ್ರಿಂಗ್ ಸ್ಟೀಲಿನ ಸರಳು ಇರುತ್ತದೆ. ಎರಡೂ ಚಕ್ರ ಒಟ್ಟಿಗೆ ಮೇಲೆ ಹೋದರೆ ಸರಳು ಸುಮ್ಮನೆ ಬುಷ್ ಒಳಗೆ ಹೊರಳಿಕೊಳ್ಳುತ್ತದೆ. ಒಂದು ಮೇಲೆ, ಇನ್ನೊಂದು ಕೆಳಗೆ ಹೋದರೆ ಮಾತ್ರ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಎದುರೊತ್ತಡ ಕೊಡುತ್ತದೆ. ಆಂಟಿ ರೋಲ್ ಬಾರ್, ಸ್ಟೆಬಿಲೈಸರ್ ಅಂತೆಲ್ಲ ಕರೆಯುವುದೂ ಇದನ್ನೇ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದಿದ ನೆನಪಿರಬಹುದು, ತಿರುಚುವಿಕೆಗೆ ಸರಳು ತೋರುವ ಬಿಗಿತ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣ. 20 ಮಿಲಿಮೀಟರಿನದನ್ನು ತೆಗೆದು 22ರದ್ದು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಆದರೆ ಬಿಗಿತ ಶೇಕಡಾ 46ರಷ್ಟು ಏರಿರುತ್ತದೆ!

ಕೆಲಸವೇನೂ ಕಷ್ಟದ್ದಲ್ಲ. ಜಾಕ್ ಸ್ಟ್ಯಾಂಡ್ ಮೇಲೆ ಕಾರು ನಿಲ್ಲಿಸು, ಎರಡು ಲಿಂಕ್ ಬಿಚ್ಚು, ಎರಡು ಬುಷ್ ಬಿಚ್ಚು, ಹಳೆಯದನ್ನು ಎಳೆ, ಹೊಸ ಬುಷ್‌ಗೆ ಗ್ರೀಸ್ ಹಚ್ಚಿ ಹೊಸದನ್ನು ತೂರಿಸು, ಅಷ್ಟೆ. ತುಕ್ಕು ಹಿಡಿದ ಒಂದು ನಟ್ಟು ಮಾತ್ರ ಒಂದೂವರೆ ಗಂಟೆ ಆಟ ಆಡಿಸಿತು. ಸಂಜೆ ಓಡಿಸಿ ನೋಡಿದರೆ.. ಅಬ್ಬಾ, ಬೇರೆಯೇ ಕಾರು! ಸ್ಟಿಯರಿಂಗ್ ತಿರುಗಿಸಿದ್ದೇ ತಡ, ಮೂತಿ ಅಲ್ಲಿಗೆ ಹೋಗಿ ನಿಂತಿರುತ್ತಿತ್ತು.

ಮುಂದಿನ ಗುರುವಾರ ಮಳೆ. ಅವತ್ತು ಕಾರು ಒಯ್ದವಳು ನನ್ನ ಹೆಂಡತಿ. ಲೈಸೆನ್ಸ್ ಸಿಕ್ಕಿ ನಾಲ್ಕು ತಿಂಗಳಾಗಿತ್ತಷ್ಟೆ. ಸಂಜೆ ಮನೆಗೆ ಬಂದವಳು ಬ್ಯಾಗ್ ಇಡುತ್ತಾ, "ಹೈವೇಯಿಂದ ಇಳಿಯೋ ತಿರುವಲ್ಲಿ ಹಿಂದುಗಡೆ ಏನೋ ಒಂಥರಾ ಜಾರಿದ ಹಾಗಾಯ್ತು. ಟೈರಲ್ಲಿ ಗಾಳಿ ಕಮ್ಮಿ ಇದೆಯಾ ನೋಡು ಸ್ವಲ್ಪ" ಅಂದಳು.

ಗಾಳಿ ಸರಿಯಾಗಿಯೇ ಇತ್ತು. ಆದರೆ ಆ 'ಟೈರಲ್ಲಿ ಗಾಳಿ' ಅನ್ನುವ ಮಾತು ತಲೆಯೊಳಗೆ ಕೂತುಬಿಟ್ಟಿತು. ಯಾಕೆಂದರೆ ಅಮೆರಿಕದ ಕಾರುಗಳ ಚರಿತ್ರೆಯಲ್ಲಿ ಒಂದು ದೊಡ್ಡ ರಾದ್ಧಾಂತ ನಡೆದದ್ದೇ ಈ ಸರಳು ಮತ್ತು ಟೈರಿನ ಗಾಳಿಯ ಸುತ್ತ. ಅರ್ಧಂಬರ್ಧ ಗೊತ್ತಿದ್ದ ಆ ಕತೆಯನ್ನು ಪೂರ್ತಿ ಓದಲು ಕೂತೆ. ಓದಿದ್ದನ್ನು ನಿಮಗೂ ಹೇಳುತ್ತೇನೆ.

*

ಸರಳಿನ ಐಡಿಯಾ ಹಳೆಯದು. ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಫ್ರೆಡೆರಿಕ್ಟನ್ ಊರಿನ ಸ್ಟೀಫನ್ ಕೋಲ್ಮನ್ ಎಂಬಾತನಿಗೆ 1919ರ ಏಪ್ರಿಲ್‌ನಲ್ಲಿ ಇದರ ಪೇಟೆಂಟ್ ಸಿಕ್ಕಿತ್ತು. ಆದರೆ ಆಗಿನ ಕಾರುಗಳಿಗೆ ಇದರ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಎತ್ತಿನಗಾಡಿಯಷ್ಟೇ ಗಡುಸಾದ ಪಟ್ಟಿ ಸ್ಪ್ರಿಂಗ್‌ಗಳು. ಕೂತವರ ಸೊಂಟ ಮುರಿದರೂ ಕಾರು ಮಾತ್ರ ವಾಲುತ್ತಿರಲಿಲ್ಲ.

ಬದಲಾವಣೆ ಬಂದದ್ದು 1930ರ ದಶಕದಲ್ಲಿ. ರೋಲ್ಸ್ ರಾಯ್ಸ್‌ನಲ್ಲಿದ್ದ ಇಂಗ್ಲೆಂಡಿನ ಇಂಜಿನಿಯರ್ ಮೌರಿಸ್ ಆಲಿ 1930ರಲ್ಲಿ ಜನರಲ್ ಮೋಟಾರ್ಸ್‌ನ ಕ್ಯಾಡಿಲಾಕ್ ವಿಭಾಗಕ್ಕೆ ಬಂದ. 1932ರಲ್ಲಿ ಒಂದು ದೊಡ್ಡ ಲಿಮೋಸಿನ್ ತೆಗೆದುಕೊಂಡು, ಅದರ ಮೇಲೆ ತೂಕದ ಗಟ್ಟಿಗಳನ್ನು ಹಿಂದೆ ಮುಂದೆ ಸರಿಸುತ್ತಾ, ಸ್ಪ್ರಿಂಗ್ ಬದಲಿಸುತ್ತಾ, ಕೂತವರಿಗೆ ಯಾವಾಗ ಹಿತವಾಗುತ್ತದೆ ಅಂತ ನೋಡಿದ. ಮುಂದಿನ ಸ್ಪ್ರಿಂಗ್ ಮೆತ್ತಗಿರಬೇಕು ಎಂದು ಗೊತ್ತಾಯಿತು. ಮೆತ್ತಗಿನ ಸ್ಪ್ರಿಂಗ್ ಬೇಕಾದರೆ ಎಡ ಬಲ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್ ಬೇಕು. 1934ರ ಮಾದರಿಗಳಲ್ಲಿ ಅದು ಬಂತು. ಸ್ಪ್ರಿಂಗ್ ಮೆತ್ತಗಾದ ಮೇಲೆ ಕಾರು ವಾಲತೊಡಗಿತು, ವಾಲುವುದನ್ನು ತಡೆಯಲು ಸರಳು ಬೇಕಾಯಿತು.

ಆಲಿಯ ಹೆಸರು ಇನ್ನೊಂದು ವಿಷಯಕ್ಕೂ ಅಂಟಿಕೊಂಡಿದೆ. ತಿರುವಿನಲ್ಲಿ ಮುಂದಿನ ಟೈರುಗಳು ಮೊದಲು ಹಿಡಿತ ಕಳೆದುಕೊಂಡರೆ ಕಾರು ನೀವು ಕೇಳಿದ್ದಕ್ಕಿಂತ ಕಡಿಮೆ ತಿರುಗುತ್ತದೆ, ಅದು ಅಂಡರ್‌ಸ್ಟಿಯರ್. ಹಿಂದಿನವು ಮೊದಲು ಬಿಟ್ಟುಕೊಟ್ಟರೆ ಬಾಲ ಹೊರಗೆ ಬೀಸಿ ಕಾರು ಕೇಳಿದ್ದಕ್ಕಿಂತ ಜಾಸ್ತಿ ತಿರುಗುತ್ತದೆ, ಅದು ಓವರ್‌ಸ್ಟಿಯರ್. ಈ ಎರಡು ಮಾತುಗಳು ಇಂಜಿನಿಯರುಗಳ ಬಾಯಲ್ಲಿ ನೆಲೆಯಾಗುವ ಹಾಗೆ ಮಾಡಿದವರಲ್ಲಿ ಆಲಿ ಮೊದಲಿಗ. ಮೊದಲನೆಯದಾದರೆ ಭಯಬಿದ್ದ ಡ್ರೈವರ್ ಸಹಜವಾಗಿ ಮಾಡುವ ಕೆಲಸವೇ, ಅಂದರೆ ಕಾಲು ತೆಗೆಯುವುದು, ಕಾರನ್ನು ಉಳಿಸುತ್ತದೆ. ಎರಡನೆಯದಾದರೆ ಅದೇ ಕೆಲಸ ಕಾರನ್ನು ಗಿರ್ರೆಂದು ತಿರುಗಿಸಿಬಿಡಬಹುದು.

ಸರಳಿಗೂ ಇದಕ್ಕೂ ಏನು ಸಂಬಂಧ? ನನಗೂ ಕಾಲೇಜಿನಲ್ಲಿ ಅರ್ಥವಾಗದೇ ಉಳಿದಿದ್ದ ವಿಷಯ ಇದು. ತಿರುವಿನಲ್ಲಿ ಒಳಗಿನ ಚಕ್ರದ ಭಾರ ಹೊರಗಿನ ಚಕ್ರಕ್ಕೆ ದಾಟುತ್ತದೆ. ಒಟ್ಟು ಎಷ್ಟು ದಾಟುತ್ತದೆ ಎಂಬುದು ಮುಖ್ಯವಾಗಿ ಕಾರಿನ ಭಾರಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ, ತಿರುವಿನ ರಭಸಕ್ಕೆ ಬಿಟ್ಟದ್ದು. ಅದನ್ನು ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನ ಜೋಡಿ ಎಷ್ಟು ಎಂಬ ಪಾಲುಪಟ್ಟಿ ಮಾತ್ರ ಸರಳಿನ ಕೈಯಲ್ಲಿದೆ. ಯಾವ ಕಡೆ ಸರಳು ಬಿಗಿಯೋ ಆ ಕಡೆಗೆ ದೊಡ್ಡ ಪಾಲು. ಇನ್ನು ಟೈರಿನ ಸ್ವಭಾವ ಏನೆಂದರೆ, ಮೇಲೆ ಹೇರಿದ ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ, ಸ್ವಲ್ಪ ಕಮ್ಮಿಯೇ ಆಗುತ್ತದೆ. ಹಾಗಾಗಿ ಭಾರ ಒಂದೇ ಚಕ್ರಕ್ಕೆ ಹೆಚ್ಚು ಹೆಚ್ಚು ವಾಲಿದಷ್ಟೂ ಆ ಜೋಡಿಯ ಒಟ್ಟು ಹಿಡಿತ ಇಳಿಯುತ್ತದೆ. ಮುಂದೆ ದಪ್ಪ ಸರಳು ಹಾಕಿದರೆ ಮೂತಿ ಮೊದಲು ಜಾರುತ್ತದೆ, ಹಿಂದೆ ಹಾಕಿದರೆ ಬಾಲ. ಯಾವ ತುದಿ ಮೊದಲು ಸೋಲಬೇಕು ಅನ್ನುವುದನ್ನು ನಾವು ಸ್ಪ್ಯಾನರ್ ಹಿಡಿದು ತೀರ್ಮಾನಿಸುತ್ತಿರುತ್ತೇವೆ.

*

ಈಗ 1959ಕ್ಕೆ ಬನ್ನಿ. ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಬಿಸಿ ದೋಸೆಯ ಹಾಗೆ ಖರ್ಚಾಗುತ್ತಿದ್ದ ಕಾಲ. ಅದಕ್ಕೆ ಉತ್ತರವಾಗಿ ಜನರಲ್ ಮೋಟಾರ್ಸ್‌ನ ಷೆವ್ರೊಲೆ ವಿಭಾಗ ಕೊರ್ವೇರ್ ಎಂಬ ಕಾರನ್ನು ತಂದಿತು. ವಿಭಾಗದ ಮುಖ್ಯಸ್ಥ ಎಡ್ ಕೋಲ್‌ನ ಕನಸಿನ ಕೂಸು. ಗಾಳಿಯಿಂದ ತಣಿಯುವ, ಅಲ್ಯುಮಿನಿಯಮ್ಮಿನ, ಆರು ಸಿಲಿಂಡರಿನ ಇಂಜಿನ್, ಅದೂ ಡಿಕ್ಕಿಯ ಜಾಗದಲ್ಲಿ. ಬೆಲೆ ಸುಮಾರು 2,000 ಡಾಲರ್. ಟೈಮ್ ಪತ್ರಿಕೆ ಎಡ್ ಕೋಲ್‌ನನ್ನು ಮುಖಪುಟದಲ್ಲಿ ಹಾಕಿತು, ಮೋಟಾರ್ ಟ್ರೆಂಡ್ ಪತ್ರಿಕೆ 1960ರ ವರ್ಷದ ಕಾರು ಎಂದು ಪ್ರಶಸ್ತಿ ಕೊಟ್ಟಿತು.

ಆದರೆ ಎರಡು ತೊಡಕಿದ್ದವು. ಇಂಜಿನ್ ಹಿಂದಿದ್ದುದರಿಂದ ಕಾರಿನ ಶೇಕಡಾ 60ಕ್ಕೂ ಹೆಚ್ಚು ಭಾರ ಹಿಂದಿನ ಚಕ್ರಗಳ ಮೇಲೆ. ಜೊತೆಗೆ ಹಿಂದೆ ಇದ್ದದ್ದು ಸ್ವಿಂಗ್ ಆಕ್ಸಲ್. ಅಂದರೆ ಅರ್ಧ ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಪಕ್ಕದಲ್ಲಿ ಮಾತ್ರ ಮಡಚುತ್ತದೆ, ಚಕ್ರದ ಹತ್ತಿರ ಕೀಲಿಲ್ಲ. ಹಕ್ಕಿ ರೆಕ್ಕೆ ಬಡಿಯುವ ಹಾಗೆ ಚಕ್ರ ಕಮಾನಿನಲ್ಲಿ ಏರಿಳಿಯುತ್ತದೆ. ಜೋರಾದ ತಿರುವಿನಲ್ಲಿ ಕಾರಿನ ಹಿಂಭಾಗ ಮೇಲೆದ್ದರೆ ಚಕ್ರ ಕಾರಿನಡಿ ಒಳಗೆ ಮಡಚಿಕೊಂಡು, ಟೈರು ಪೂರ್ತಿ ಅಗಲದ ಬದಲು ಅಂಚಿನ ಮೇಲೆ ನಿಲ್ಲುತ್ತದೆ. ಬಾಲ ಜಾರುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇಕೆ?

ಹಿಂದಿಂಜಿನ್ನು ಮತ್ತು ಸ್ವಿಂಗ್ ಆಕ್ಸಲ್ ಜೋಡಿ ಅಪಾಯದ್ದು ಎಂಬುದು ಜನರಲ್ ಮೋಟಾರ್ಸ್‌ಗೆ ಗೊತ್ತಿರದ ವಿಷಯವೇನೂ ಅಲ್ಲ. 1953ರಲ್ಲಿ ಯುರೋಪಿನ ಕಾರುಗಳ ಬಗ್ಗೆ ಮಂಡಿಸಿದ ಪ್ರಬಂಧದಲ್ಲಿ ಈ ಜೋಡಿಯನ್ನು ಖಂಡಿಸಿದ್ದು ಬೇರೆ ಯಾರೂ ಅಲ್ಲ, ನಮ್ಮ ಮೌರಿಸ್ ಆಲಿಯೇ!

ಇದಕ್ಕೆ ಸುಲಭದ ಮದ್ದು ಮುಂದೆ ಒಂದು ಸರಳು ಹಾಕುವುದು. ಭಾರದ ದೊಡ್ಡ ಪಾಲು ಮುಂದಿನ ಚಕ್ರಗಳಿಗೆ ಹೋದರೆ ಹಿಂದಿನವು ಉಸಿರಾಡುತ್ತವೆ. ಇಂಥದ್ದೇ ಮೈಕಟ್ಟಿನ ಬೀಟಲ್‌ಗೆ 1960ರ ಮಾದರಿಯಿಂದ ಮುಂದೆ ಸರಳು ಬಂತು. ಆದರೆ ಅದೇ ವರ್ಷದ ಕೊರ್ವೇರ್‌ನಲ್ಲಿ ಸರಳು ಇರಲಿಲ್ಲ. ಬದಲಿಗೆ ಅವರು ಮಾಡಿದ್ದು ಟೈರಿನ ಗಾಳಿಯ ಲೆಕ್ಕ. ಮುಂದಿನ ಟೈರಿಗೆ 15 ಪಿಎಸ್‌ಐ, ಹಿಂದಿನದಕ್ಕೆ 26 ಪಿಎಸ್‌ಐ. ಮುಂದಿನ ಟೈರು ಬೇಕೆಂದೇ ಮೆತ್ತಗಿದ್ದರೆ ಅದು ಮೊದಲು ಜಾರುತ್ತದೆ, ಕಾರು ಅಂಡರ್‌ಸ್ಟಿಯರ್ ಆಗುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇದೆ. ಆ ಅಂಕಿ ಕಾರಿನ ಜೊತೆ ಕೊಡುವ ಕೈಪಿಡಿಯಲ್ಲೂ ಇತ್ತು.

ಹೇಳಿ, ಕೈಪಿಡಿ ಯಾರು ಓದುತ್ತಾರೆ? ನಾಲ್ಕೂ ಟೈರಿಗೆ ಒಂದೇ ಗಾಳಿ ಹಾಕಿಸುವುದು ಎಲ್ಲರ ರೂಢಿ. 15 ಪಿಎಸ್‌ಐ ಇದ್ದ ಟೈರು ಪೆಟ್ರೋಲ್ ಬಂಕಿನ ಹುಡುಗನ ಕಣ್ಣಿಗೆ ಗಾಳಿ ಇಳಿದ ಟೈರಿನ ಹಾಗೇ ಕಾಣುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಅವನು ಗಾಳಿ ತುಂಬಿ ಕಳಿಸಿದರೂ ಆ ಕಾರು ಇಂಜಿನಿಯರುಗಳು ಲೆಕ್ಕ ಹಾಕಿದ ಕಾರಾಗಿ ಉಳಿಯುವುದಿಲ್ಲ. ನಾವೂ ಆಫೀಸಿನಲ್ಲಿ ಇದನ್ನೇ ಮಾಡುವವರು. ಕೋಡಿನಲ್ಲಿ ಸರಿಪಡಿಸಬೇಕಾದದ್ದನ್ನು ಗಡುವು ಹತ್ತಿರ ಬಂತು ಅಂತ ಡಾಕ್ಯುಮೆಂಟಿನಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತೇವೆ. ಯೂಸರ್ ತಪ್ಪಿದರೆ ಆ ಸಾಲನ್ನು ತೋರಿಸುತ್ತೇವೆ.

ಕೊರ್ವೇರ್ ಕೊಂಡವರಲ್ಲಿ ತಿಳಿದವರು ಸುಮ್ಮನೆ ಕೂರಲಿಲ್ಲ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಊರಿನ ಎಂಪಿ ಎಂಬ ಕಂಪನಿ ಬೀಟಲ್‌ಗೆ ಅಂತ ಮಾಡುತ್ತಿದ್ದ ಕ್ಯಾಂಬರ್ ಕಾಂಪೆನ್ಸೇಟರ್ ಎಂಬ ಅಡ್ಡ ಪಟ್ಟಿಯನ್ನು ಕೊರ್ವೇರ್‌ಗೂ ಮಾಡಿ ಮಾರಿತು. ಹಿಂದಿನ ಚಕ್ರಗಳು ಒಳಗೆ ಮಡಚಿಕೊಳ್ಳದಂತೆ ಅದು ತಡೆಯುತ್ತಿತ್ತು. 1962ರ ಮಾದರಿಯಿಂದ ಷೆವ್ರೊಲೆಯೇ ಮುಂದಿನ ಸರಳು ಇರುವ ಒಂದು ಕಿಟ್ಟನ್ನು ಹೆಚ್ಚುವರಿ ಹಣಕ್ಕೆ ಕೊಡತೊಡಗಿತು. ಅಂದರೆ ಕೇಳಲು ಗೊತ್ತಿದ್ದವನಿಗೆ ಸರಳು ಸಿಗುತ್ತಿತ್ತು. ಅದರ ಅಗತ್ಯ ಹೆಚ್ಚಾಗಿದ್ದದ್ದು ಕೇಳಲು ಗೊತ್ತಿಲ್ಲದವನಿಗೆ.

1961ರ ಕೊನೆಗೆ ಷೆವ್ರೊಲೆಯ ಮುಖ್ಯಸ್ಥನಾಗಿ ಬಂದ ಬಂಕಿ ನುಡ್ಸನ್ ಸರಳನ್ನು ಎಲ್ಲ ಕಾರಿಗೂ ಹಾಕಲೇಬೇಕು ಎಂದು ಹಟ ಹಿಡಿದನಂತೆ. ಕಾರೊಂದಕ್ಕೆ 15 ಡಾಲರ್ ಖರ್ಚು, ಆಗದು ಎಂದು ಮೇಲಿನವರು ನಿರಾಕರಿಸಿದಾಗ ಕೆಲಸ ಬಿಡುವ ಬೆದರಿಕೆ ಹಾಕಿ ಒಪ್ಪಿಸಿದನಂತೆ. 'ಅಂತೆ' ಯಾಕೆಂದರೆ ಇದು ಜಾನ್ ಡಿಲೋರಿಯನ್ ಎಂಬ ಇನ್ನೊಬ್ಬ ಹಿರಿಯ ಅಧಿಕಾರಿ 1979ರಲ್ಲಿ ಬಂದ ಪುಸ್ತಕವೊಂದರಲ್ಲಿ ಹೇಳಿಕೊಂಡದ್ದು. ಅದೇನೇ ಇರಲಿ, 1964ರ ಮಾದರಿಯಲ್ಲಿ ಮುಂದಿನ ಸರಳು ಎಲ್ಲ ಕೊರ್ವೇರ್‌ಗಳಿಗೂ ಬಂತು, ಹಿಂದೆ ಅಡ್ಡಪಟ್ಟಿ ಸ್ಪ್ರಿಂಗ್ ಕೂಡ ಬಂತು. 1965ರಲ್ಲಿ ಸ್ವಿಂಗ್ ಆಕ್ಸಲನ್ನೇ ಕಿತ್ತುಹಾಕಿ ಹೊಸ ಸಸ್ಪೆನ್ಷನ್ ಕೊಟ್ಟರು.

*

ಕಾರು ಸರಿಹೋದ ಮೇಲೆ ಪುಸ್ತಕ ಬಂತು! 1965ರ ನವೆಂಬರ್ 30ರಂದು ರಾಲ್ಫ್ ನೇಡರ್ ಎಂಬ ಯುವ ವಕೀಲನ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪ್ರಕಟವಾಯಿತು. ಎಂಟು ಅಧ್ಯಾಯಗಳಲ್ಲಿ ಕೊರ್ವೇರ್ ಬಗ್ಗೆ ಇರುವುದು ಮೊದಲನೆಯದು ಮಾತ್ರ. ಸಾಂತಾ ಬಾರ್ಬರಾದ ಹತ್ತಿರ ಕೊರ್ವೇರ್ ಮಗುಚಿ ಎಡಗೈ ಕಳೆದುಕೊಂಡ ಮಹಿಳೆಯೊಬ್ಬರ ಪ್ರಕರಣದಿಂದ ಅದು ಶುರುವಾಗುತ್ತದೆ. ಕಂಪನಿ ಅವರಿಗೆ 70,000 ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತ್ತು. ಆ ಹೊತ್ತಿಗೆ ನೂರಕ್ಕೂ ಹೆಚ್ಚು ದಾವೆಗಳು ಕೋರ್ಟಿನಲ್ಲಿದ್ದವು.

ಕಂಪನಿ ಇದಕ್ಕೆ ಉತ್ತರ ಕೊಟ್ಟ ರೀತಿ ನೋಡಿ. ಇಂಜಿನಿಯರುಗಳನ್ನು ಮುಂದೆ ಬಿಟ್ಟು ವಾದ ಮಾಡುವ ಬದಲು ನೇಡರ್ ಹಿಂದೆ ಪತ್ತೇದಾರರನ್ನು ಬಿಟ್ಟಿತು. ಅವನ ಖಾಸಗಿ ಬದುಕಿನಲ್ಲಿ ಏನಾದರೂ ಹುಳುಕು ಸಿಗುತ್ತದೋ ಅಂತ ಕೆದಕಿಸಿತು. ಸಿಕ್ಕಿಬಿತ್ತು. 1966ರ ಮಾರ್ಚ್ 22ರಂದು ಕಂಪನಿಯ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಬೇಕಾಯಿತು. ಕಂಪನಿಯ ಆ ಪತ್ತೇದಾರಿಕೆಯೇ ಪುಸ್ತಕವನ್ನು ಮನೆಮನೆಗೆ ಮುಟ್ಟಿಸಿತು. ಅದೇ ವರ್ಷ ಸೆಪ್ಟೆಂಬರ್ 9ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತೆಯ ಕಾಯಿದೆಗೆ ಸಹಿ ಹಾಕಿದರು. ಕೊರ್ವೇರ್ ಮಾರಾಟ ಕುಸಿಯುತ್ತಾ ಹೋಗಿ, ಕೊನೆಯ ವರ್ಷವಾದ 1969ರಲ್ಲಿ ತಯಾರಾದದ್ದು 6,000 ಕಾರು ಮಾತ್ರ. ಇದರಲ್ಲಿ ಫೋರ್ಡ್ ಮಸ್ಟಾಂಗ್‌ನ ಪೈಪೋಟಿಯ ಪಾಲೂ ಇದೆ ಅನ್ನಿ.

ನಾನು ಕತೆ ಇಲ್ಲಿಗೇ ಮುಗಿಯಿತು ಅಂದುಕೊಂಡಿದ್ದೆ. ದುರಾಸೆಯ ಕಂಪನಿ, ಧೀರ ವಕೀಲ, ಶುಭಂ. ಆದರೆ ಇನ್ನೊಂದು ತಿರುವಿದೆ. ಆ ಕಾಯಿದೆಯಿಂದ ಹುಟ್ಟಿದ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆಯೇ 1971ರಲ್ಲಿ 1963ರ ಕೊರ್ವೇರನ್ನು ಟ್ರ್ಯಾಕ್‌ಗೆ ಇಳಿಸಿ, ಫೋರ್ಡ್ ಫಾಲ್ಕನ್, ಪ್ಲಿಮತ್ ವ್ಯಾಲಿಯೆಂಟ್, ಬೀಟಲ್, ರೆನೋ ಡಾಫಿನ್ ಜೊತೆ ಹೋಲಿಸಿ ಪರೀಕ್ಷೆ ಮಾಡಿಸಿತು. 1972ರ ವರದಿ ಹೇಳಿದ್ದು, ಕೊರ್ವೇರ್ ಆ ಕಾಲದ ಬೇರೆ ಕಾರುಗಳಿಗಿಂತ ಅಸಹಜವಾಗಿ ಹತೋಟಿ ತಪ್ಪುವ ಅಥವಾ ಮಗುಚುವ ಕಾರೇನೂ ಅಲ್ಲ ಎಂದು. ಕೊರ್ವೇರ್ ಅಭಿಮಾನಿಗಳು ಇವತ್ತಿಗೂ ಈ ವರದಿಯನ್ನು ಎದೆಗೊತ್ತಿಕೊಂಡಿದ್ದಾರೆ. ನೇಡರ್ ಕೂಡ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. 2015ರಲ್ಲಿ ತನ್ನ ಹುಟ್ಟೂರು ವಿನ್‌ಸ್ಟೆಡ್‌ನಲ್ಲಿ ತೆರೆದ ಮ್ಯೂಸಿಯಮ್ಮಿನೊಳಗೆ ಒಂದು ಕೆಂಪು ಕೊರ್ವೇರನ್ನೇ ತಂದು ನಿಲ್ಲಿಸಿದ.

ಹಾಗಾದರೆ ಯಾರು ಸರಿ? ಎರಡು ದಿನ ಯೋಚಿಸಿದೆ. ವರದಿ ತಪ್ಪು ಅನ್ನಲು ನನ್ನ ಬಳಿ ಆಧಾರವಿಲ್ಲ. ಆ ಕಾಲದ ಕಾರುಗಳೆಲ್ಲ ಹೆಚ್ಚುಕಮ್ಮಿ ಹಾಗೇ ಇದ್ದವು, ಒಂದನ್ನೇ ರಾಕ್ಷಸ ಮಾಡಿದ್ದು ಅನ್ಯಾಯವೇ ಇರಬಹುದು. ಆದರೆ ಉಳಿದವರಿಗಿಂತ ಕೆಟ್ಟದಿರಲಿಲ್ಲ ಅನ್ನುವುದು ಒಂದು ಮಾತು, ಗೊತ್ತಿದ್ದೂ ಡ್ರೈವರಿನ ಮೇಲೆ ಹೊರೆ ಬಿಟ್ಟದ್ದು ಇನ್ನೊಂದು ಮಾತು. ತಮ್ಮದೇ ಆಲಿ ಎಚ್ಚರಿಸಿದ್ದರೂ, ಮದ್ದು ಕೈಯಲ್ಲೇ ಇದ್ದರೂ ನಾಲ್ಕು ವರ್ಷ ಅದನ್ನು ಗಾಳಿಯ ಅಂಕಿಯೊಂದಕ್ಕೆ ಒಪ್ಪಿಸಿಬಿಟ್ಟಿದ್ದರಲ್ಲ, ಅದಕ್ಕೆ ಯಾವ ಟ್ರ್ಯಾಕಿನ ಪರೀಕ್ಷೆಯೂ ಉತ್ತರ ಕೊಡುವುದಿಲ್ಲ.

ಈಗಿನ ಕಾರುಗಳಲ್ಲಿ ಈ ಕೆಲಸದ ಒಂದು ಭಾಗವನ್ನು ಸಾಫ್ಟ್‌ವೇರ್ ವಹಿಸಿಕೊಂಡಿದೆ. ಬಾಲ ಬೀಸತೊಡಗಿದರೆ ಸರಿಯಾದ ಒಂದೇ ಚಕ್ರಕ್ಕೆ ತಾನಾಗಿ ಬ್ರೇಕ್ ಹಾಕುವ ಸ್ಟೆಬಿಲಿಟಿ ಕಂಟ್ರೋಲ್ 1995ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂತು. 1997ರಲ್ಲಿ ಅದೇ ಕಂಪನಿಯ ಪುಟ್ಟ ಎ-ಕ್ಲಾಸ್ ಸ್ವೀಡನ್ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಮಗುಚಿದಾಗ, ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಸಸ್ಪೆನ್ಷನ್ ತಿದ್ದಿ ಈ ವ್ಯವಸ್ಥೆಯನ್ನು ಎಲ್ಲದಕ್ಕೂ ಹಾಕಿಕೊಟ್ಟಿತು. ಅಮೆರಿಕದಲ್ಲಿ 2012ರ ಮಾದರಿಯಿಂದ ಎಲ್ಲ ಹೊಸ ಕಾರಿಗೂ ಅದು ಕಡ್ಡಾಯ. ನನ್ನದು ಅದಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರು, ಅದರಲ್ಲಿ ಇದಿಲ್ಲ.

ಹಾಗೆ ನೋಡಿದರೆ ನಾನು ಮಾಡಿದ್ದಾದರೂ ಏನು? ಕಾರ್ಖಾನೆಯವರು ಎಲ್ಲ ಬಗೆಯ ಡ್ರೈವರುಗಳನ್ನೂ ನೆನೆದು ಮೂತಿ ಮೊದಲು ಜಾರುವಂತೆ ಮಾಡಿಕೊಟ್ಟಿದ್ದ ಕಾರನ್ನು ಬಾಲದ ಕಡೆಗೆ ತಿರುಗಿಸಿದ್ದೆ. ನನಗೆ ಖುಷಿ ಕೊಟ್ಟದ್ದೂ ಅದೇ, ಮಳೆಯಲ್ಲಿ ಅವಳಿಗೆ ಜಾರಿದ್ದೂ ಅದೇ. ಹಿಂದೆ ಸರಳು ಬದಲಿಸಿದ್ದೇನೆ, ಒದ್ದೆ ರಸ್ತೆಯಲ್ಲಿ ಹುಷಾರು ಅಂತ ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೂ ಅದು ಕೈಪಿಡಿಯ ಇನ್ನೊಂದು ಸಾಲೇ ಆಗುತ್ತಿತ್ತು. ಇಲ್ಲಿ ಮಿಶಿಗನ್‌ನಲ್ಲಿ ಇನ್ನೆರಡು ತಿಂಗಳಿಗೆ ಹಿಮ ಬೇರೆ ಶುರು.

ಮುಂದಿನ ಶನಿವಾರ ಮತ್ತೆ ಕಾರಿನಡಿ ಮಲಗಿದೆ. ಈ ಸಲ ನಟ್ಟು ಬೇಗ ಬಿಚ್ಚಿತು. ಹಳೆಯ ತೆಳ್ಳಗಿನ ಸರಳನ್ನೇ ವಾಪಸ್ ಹಾಕಿ, ಅವಳನ್ನು ಕೂರಿಸಿಕೊಂಡು ಒಂದು ಸುತ್ತು ಹೊಡೆದು, ನಡೆದದ್ದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು "ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ದಪ್ಪ ಸರಳು ಗೆಳೆಯನ ಗ್ಯಾರೇಜಿನ ಗೋಡೆಗೆ ಒರಗಿಕೊಂಡಿದೆ. ಯಾರಿಗಾದರೂ ಬೇಕಿದ್ದರೆ ತಿಳಿಸಿ, ಪುಕ್ಕಟೆ ಕೊಡುತ್ತೇನೆ. ಆದರೆ ಆ ಕಾರನ್ನು ನಿಮ್ಮ ಬಿಟ್ಟು ಇನ್ಯಾರು ಓಡಿಸುತ್ತಾರೆ ಅಂತ ಮೊದಲು ಹೇಳಬೇಕು :)